ಅಪ್ಪನ ಹಾಗೆ ಜೋರು ಮಾಡಲು ಬಾರದವನು ಕಾರ್ಖಾನೆ ನಡೆಸುವುದು ಹೇಗೆ?

ಪ್ರಶ್ನೆ: ಸರ್, ನನಗೆ 31 ವರ್ಷ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ವಿಎಂಸಿ, ಮೂರು ಸಿಎನ್‌ಸಿ ಲೇತ್ (ಎಲ್ಲ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕತ್ತರಿಸುವ ಮಷಿನ್), ಒಂದಷ್ಟು ಹಳೇ ಮಷಿನ್, 16 ಜನ ಕೆಲಸಗಾರರು. ಫೌಂಡ್ರಿಗಳಿಂದ ಬಂದ ಕಾಸ್ಟಿಂಗ್‌ಗಳನ್ನು (ಎರಕದ ಭಾಗಗಳನ್ನು) ಮಷಿನಿಂಗ್ ಮಾಡಿ ಕೊಡುತ್ತೇವೆ, ಪೂರ್ತಿ ಜಾಬ್ ವರ್ಕ್. ಅಪ್ಪ ಕಟ್ಟಿದ್ದು. ಹೋದ ವರ್ಷ ಅವರ ಆರೋಗ್ಯ ಕೆಟ್ಟಿತು, ನಾನು ಪುಣೆಯ ನೌಕರಿ ಬಿಟ್ಟು ಬಂದೆ. ಅಪ್ಪ ಶಾಪಿಗೆ ಕಾಲಿಟ್ಟರೆ ಎಲ್ಲರೂ ಗಪ್‌ಚುಪ್. ನನಗೆ ಹಾಗೆ ಜೋರು ಮಾಡಲು ಬರುವುದಿಲ್ಲ. ಆರು ತಿಂಗಳಲ್ಲಿ ಇಬ್ಬರು ಒಳ್ಳೆಯ ಆಪರೇಟರ್‌ಗಳು ಬಿಟ್ಟು ಹೋದರು. 22 ವರ್ಷದಿಂದ ಇರುವ ಫೋರ್‌ಮನ್ ಕಾಕಾ ನಾನು ಏನೇ ಹೇಳಿದರೂ "ದೊಡ್ಡ ಮಾಲಕರನ್ನ ಕೇಳ್ರಿ" ಅನ್ನುತ್ತಾರೆ. ಉಳಿದವರು ಸಣ್ಣಪುಟ್ಟದಕ್ಕೂ ನನಗೆ ಫೋನ್ ಮಾಡುತ್ತಾರೆ, ಊಟಕ್ಕೆ ಕೂತರೂ ಬಿಡುವುದಿಲ್ಲ. ನಮ್ಮ ಮಾವ ಹೇಳುವುದು, "ನೀ ಭಾಳ ಮೆತ್ತಗದೀ, ಒಬ್ಬನ್ನ ತೆಗೆದು ಹಾಕು, ಉಳಿದವರು ತಾವಾ ಸರಿ ಹೋಗ್ತಾರ" ಅಂತ. 40,000 ರೂಪಾಯಿಯ ಲೀಡರ್‌ಶಿಪ್ ಕೋರ್ಸ್ ಒಂದಿದೆ, ಸೇರಲಾ? ನಾಯಕತ್ವ ಹುಟ್ಟಿನಿಂದಲೇ ಬರಬೇಕಾ? ಕಾಕಾನನ್ನು ತೆಗೆಯಬೇಕಾ?

ಉತ್ತರ: ಜೋರಾಗಬೇಕಾ, ಕಲಿತರೆ ಬರುತ್ತದಾ, ಕಾಕಾನನ್ನು ಏನು ಮಾಡಲಿ. ನೀವು ಕೇಳಿದ್ದು ಈ ಮೂರು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಸಾಲು. ಊಟಕ್ಕೆ ಕೂತರೂ ಫೋನ್ ಬಿಡುವುದಿಲ್ಲ ಅಂದಿರಲ್ಲ, ಅದು. ನಾನು ಶಾಪ್ ಫ್ಲೋರ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಈಗ ನಿಮ್ಮಂಥ ಸಣ್ಣ ಘಟಕಗಳಿಗೆ ಸಲಹೆ ಕೊಡುತ್ತೇನೆ. ಯಾವ ಘಟಕಕ್ಕೆ ಹೋದರೂ ಬ್ಯಾಲೆನ್ಸ್ ಶೀಟ್ ನೋಡುವ ಮೊದಲು ಮಾಲಕರ ಎದುರು ಒಂದು ತಾಸು ಸುಮ್ನೆ ಕೂತು, ಅವರ ಫೋನ್ ಎಷ್ಟು ಸಲ ಬಾರಿಸುತ್ತದೆ, ಯಾತಕ್ಕೆ ಬಾರಿಸುತ್ತದೆ ಅಂತ ನೋಡುತ್ತೇನೆ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಮೊದಲು ಮಾವನವರ ಮಾತು. ಒಬ್ಬನನ್ನು ತೆಗೆದರೆ ಉಳಿದವರು ಹೆದರುತ್ತಾರೆ, ಅದು ನಿಜ. ಹೆದರಿದವರು ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನುವುದು ಅರ್ಧ ಮಾತ್ರ ನಿಜ. 1939ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಇಬ್ಬರು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟು, ಒಂದು ಕಡೆ ಎಲ್ಲವನ್ನೂ ತಾನೇ ಹುಕುಂ ಮಾಡುವ ಮುಖ್ಯಸ್ಥ, ಇನ್ನೊಂದು ಕಡೆ ಹುಡುಗರ ಜೊತೆ ಮಾತಾಡಿ ತೀರ್ಮಾನಿಸುವವನು, ಮತ್ತೊಂದು ಕಡೆ ಏನಾದರೂ ಮಾಡಿಕೊಳ್ಳಿ ಅಂತ ಕೈಬಿಟ್ಟವನು, ಹೀಗೆ ಮೂರು ಥರದ ಮುಖ್ಯಸ್ಥರನ್ನು ಇಟ್ಟು ನೋಡಿದರು. ಹುಕುಂ ಮಾಡುವವನು ಎದುರಿಗಿದ್ದಾಗ ಕೆಲಸ ಚೆನ್ನಾಗೇ ನಡೆಯಿತು. ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಕೆಲಸ ಬಿದ್ದುಹೋಯಿತು. ಮಾತಾಡಿ ತೀರ್ಮಾನಿಸುವವನ ಗುಂಪು ಅವನಿಲ್ಲದಿದ್ದರೂ ಕೆಲಸ ಮುಂದುವರಿಸಿತು. ಎಲ್ಲಕ್ಕಿಂತ ಕಡೆ ಅಂದರೆ ಕೈಬಿಟ್ಟವನ ಗುಂಪು.

ಮಕ್ಕಳ ಮೇಲಿನ ಪ್ರಯೋಗ ತಂದು ಮಷಿನ್ ಶಾಪಿಗೆ ಹಚ್ಚುವುದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೂ ನಿಮ್ಮ ಅಪ್ಪನ ಕಾಲ ಮತ್ತು ನಿಮ್ಮ ಕಾಲದ ವ್ಯತ್ಯಾಸ ಅದರಲ್ಲಿ ಕಾಣುತ್ತದೆ. ನಿಮ್ಮ ಅಪ್ಪ ಹೊರಗೆ ಹೋಗುತ್ತಲೇ ಇರಲಿಲ್ಲ, ಅಲ್ವಾ? ಬೆಳಿಗ್ಗೆ ಶಟರ್ ಎತ್ತುವಾಗಿನಿಂದ ರಾತ್ರಿ ಬೀಗ ಹಾಕುವವರೆಗೆ ಅವರು ಅಲ್ಲೇ ಇದ್ದಿರಬೇಕು. ಆ ತಲೆಮಾರಿನ ಮಾಲಕರನ್ನು ಉದ್ಯಮಬಾಗದಲ್ಲೂ ಮಚ್ಛೆಯಲ್ಲೂ ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಲೇತಿನ ಸದ್ದು ಕೇಳಿಯೇ ಟೂಲ್ ಸವೆದಿದೆ ಅಂತ ಹೇಳುವ ಜನ ಅವರು. ಕೆಲಸಗಾರರು ಅವರ ಬೈಗುಳ ತಡೆದುಕೊಂಡದ್ದು ಎರಡು ಕಾರಣಕ್ಕೆ. ಒಂದು, ಯಾವುದಕ್ಕೆ ಬೈಯುತ್ತಾರೆ, ಯಾವುದಕ್ಕೆ ಬೈಯುವುದಿಲ್ಲ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಇವತ್ತು ಹತ್ತು ನಿಮಿಷ ತಡವಾದರೆ ನಕ್ಕು, ನಾಳೆ ಐದು ನಿಮಿಷಕ್ಕೆ ಗೇಟ್ ಹೊರಗೆ ನಿಲ್ಲಿಸುವ ಮನುಷ್ಯರಾಗಿರಲಿಲ್ಲ. ಎರಡು, ಆಗ ಬಿಟ್ಟು ಹೋಗಲು ಜಾಗ ಕಡಿಮೆ ಇತ್ತು. ಈಗ ವಿಎಂಸಿ ಸೆಟ್ಟಿಂಗ್ ಬರುವ ಹುಡುಗನಿಗೆ ಕೊಲ್ಹಾಪುರ, ಹುಬ್ಬಳ್ಳಿ, ಪುಣೆಯ ಚಾಕಣ, ಎಲ್ಲ ಕಡೆ ಬಾಗಿಲು ತೆರೆದಿದೆ. ಹತ್ತರಗಿಯ ವಿಮಾನ ಬಿಡಿಭಾಗಗಳ ಎಸ್‌ಇಝೆಡ್ (ವಿಶೇಷ ಆರ್ಥಿಕ ವಲಯ) ಅಂತೂ ನಮ್ಮ ಜಿಲ್ಲೆಯಲ್ಲೇ ಇದೆ. ಬೈದರೆ ಅವನು ಊಟದ ಡಬ್ಬಿ ಎತ್ತಿಕೊಂಡು ಹೊರಡುತ್ತಾನೆ, ಅಷ್ಟೇ.

ಅಪ್ಪನಿಂದ ನೀವು ತೆಗೆದುಕೊಳ್ಳಬೇಕಾದದ್ದು ದನಿಯನ್ನಲ್ಲ, ಆ ಖಚಿತತೆಯನ್ನು.

ಇನ್ನು ಹುಟ್ಟಿನ ಮಾತು. 2006ರಲ್ಲಿ ಪ್ರಕಟವಾದ, ಅವಳಿ ಜವಳಿ ಗಂಡಸರ ಮೇಲಿನ ಒಂದು ಅಧ್ಯಯನವಿದೆ. ಯಾರು ಮುಂದಾಳುಗಳ ಸ್ಥಾನಕ್ಕೆ ಬರುತ್ತಾರೆ ಅನ್ನುವುದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು 30% ವಂಶವಾಹಿಗೆ ಸೇರಿದ್ದು, ಉಳಿದದ್ದು ಬೆಳೆದ ರೀತಿ, ಸಿಕ್ಕ ಅವಕಾಶ, ಅನುಭವ ಅಂತ ಅದರ ಲೆಕ್ಕ. ಸ್ಥಾನಕ್ಕೆ ಬರುವುದು ಬೇರೆ, ಬಂದ ಮೇಲೆ ಚೆನ್ನಾಗಿ ನಡೆಸುವುದು ಬೇರೆ. ನೀವಂತೂ ಆಗಲೇ ಸ್ಥಾನದಲ್ಲಿ ಕೂತಿದ್ದೀರಿ, ಹಾಗಾಗಿ ಆ ಪ್ರಶ್ನೆ ಬಿಟ್ಟುಬಿಡಿ. ಕೋರ್ಸ್ ವಿಷಯಕ್ಕೆ ಬಂದರೆ, ವೇದಿಕೆ ಮೇಲೆ ಚಪ್ಪಾಳೆ ಹೊಡೆಸಿ ಕಳಿಸುವ ಎರಡು ದಿನದ ಕಾರ್ಯಕ್ರಮಕ್ಕೆ 40,000 ಕೊಡಬೇಡಿ. ಅದೇ ದುಡ್ಡಿಗೆ ಬೋರ್ ಅಂದರೆ ರಂಧ್ರದ ಅಳತೆ ನೋಡುವ ನಾಲ್ಕು ಒಳ್ಳೆ ಬೋರ್ ಗೇಜ್ ಬರುತ್ತವೆ, ನಿಮ್ಮ ಹುಡುಗರು ಜಾಸ್ತಿ ಖುಷಿಯಾಗುತ್ತಾರೆ.

ಈಗ ಫೋನಿಗೆ ಬರೋಣ. ನಿಮ್ಮ ಶಾಪಿನಲ್ಲಿ ಏನು ನಡೆಯುತ್ತಿರಬಹುದು ಅಂತ ಊಹಿಸುತ್ತೇನೆ, ತಪ್ಪಿದ್ದರೆ ಹೇಳಿ. ಒಂದು ಬೋರ್ 25.00ರಿಂದ 25.02 ಮಿಮೀ ಒಳಗೆ ಬರಬೇಕು. ಆಪರೇಟರ್ ಅಳೆದಾಗ 25.002 ಇದೆ, ಹತ್ತು ಪೀಸ್ ಹಿಂದೆ 25.010 ಇತ್ತು. ಗಾತ್ರ ಜಾರುತ್ತಿದೆ ಅಂತ ಅವನಿಗೆ ಗೊತ್ತಾಗಿದೆ. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ತುಣುಕು, ಒಂದು ಮೂಲೆ ಸವೆದರೆ ಇನ್ನೊಂದಕ್ಕೆ ತಿರುಗಿಸುವಂಥದ್ದು) ನೋಡಬೇಕು, ಬೇಕಿದ್ದರೆ ಬದಲಿಸಬೇಕು, ಆಫ್‌ಸೆಟ್ ಅಂದರೆ ಮಷಿನ್‌ಗೆ ಕೊಟ್ಟ ಟೂಲಿನ ಅಳತೆ ಸರಿ ಮಾಡಬೇಕು. ಆದರೆ ಹೋದ ಸಲ ಯಾರನ್ನೂ ಕೇಳದೆ ಇನ್ಸರ್ಟ್ ಬದಲಿಸಿದ್ದಕ್ಕೆ "ಹೊಸಾದು ಯಾಕ ತಗದಿ, ಇನ್ನೊಂದು ಮೂಲಿ ಬಾಕಿ ಇತ್ತಲ್ಲ" ಅಂತ ಅನ್ನಿಸಿಕೊಂಡಿದ್ದಾನೆ. ಆಫ್‌ಸೆಟ್ ಮುಟ್ಟಿದ್ದಕ್ಕೆ ಇನ್ನೊಬ್ಬ ಅನ್ನಿಸಿಕೊಂಡಿದ್ದಾನೆ. ಅದಕ್ಕೇ ಅವನು ನಿಮಗೆ ಫೋನ್ ಮಾಡುತ್ತಾನೆ. ನೀವು ಗ್ರಾಹಕರ ಹತ್ತಿರ ಇದ್ದೀರಿ, ಎತ್ತುವುದಿಲ್ಲ. ಅವನು ಮಷಿನ್ ನಿಲ್ಲಿಸುವುದೂ ಇಲ್ಲ, ಯಾಕೆಂದರೆ ನಿಲ್ಲಿಸಿದ್ದಕ್ಕೂ ಬೈಗುಳ ಬೀಳುತ್ತದೆ. ನೀವು ವಾಪಸ್ ಫೋನ್ ಮಾಡುವಷ್ಟರಲ್ಲಿ ಮೂವತ್ತು ಪೀಸ್ ರಿಜೆಕ್ಟ್.

ಇಲ್ಲಿ ಹುಡುಗನ ಸೋಮಾರಿತನ ಏನೂ ಇಲ್ಲ. ಕೇಳದೆ ಮಾಡಿದರೆ ಅಪಾಯ, ಕೇಳಿ ಕಾದರೆ ಅಪಾಯ ಇಲ್ಲ ಅಂತ ಅವನು ಕಲಿತಿದ್ದಾನೆ. ನಷ್ಟ ಆಗುವುದು ನಿಮಗೆ, ಅವನಿಗಲ್ಲ. ಟೊಯೋಟಾ ಕಾರ್ಖಾನೆಗಳಲ್ಲಿ ಲೈನಿನ ಉದ್ದಕ್ಕೂ ಒಂದು ಹಗ್ಗ ಇರುತ್ತಿತ್ತು. ಏನೋ ಸರಿಯಿಲ್ಲ ಅನಿಸಿದರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಸರಿ ಹೋಗದಿದ್ದರೆ ಲೈನೇ ನಿಲ್ಲುತ್ತದೆ. ಎಳೆದವನನ್ನು ಬೈಯುವುದಿಲ್ಲ. ಜಗತ್ತೆಲ್ಲ ಅದನ್ನು ನಕಲು ಮಾಡಲು ಹೋಯಿತು, ಹಗ್ಗ ಕಟ್ಟಿತು, ಬೈಯುವುದನ್ನು ಬಿಡಲಿಲ್ಲ.

ಹಾಗಾಗಿ ನಾನು ಮೊದಲು ಮಾಡಿಸುವುದು ಒಂದು ಹಾಳೆ. ಯಾರು ಏನು ತೀರ್ಮಾನ ಮಾಡಬಹುದು ಅಂತ ಮೂರು ಭಾಗದಲ್ಲಿ ಬರೆಯಿರಿ. ಕೇಳದೆ ಮಾಡುವುದು, ಮಾಡಿ ಆಮೇಲೆ ತಿಳಿಸುವುದು, ಕೇಳಿಯೇ ಮಾಡುವುದು. ಇನ್ಸರ್ಟ್ ಬದಲಿಸುವುದು, ಅನುಮಾನ ಬಂದರೆ ಮಷಿನ್ ನಿಲ್ಲಿಸುವುದು, ಬ್ಲೋ ಹೋಲ್ (ಎರಕದಲ್ಲಿ ಗಾಳಿ ಸಿಕ್ಕಿ ಆದ ತೂತು) ಕಂಡ ಕಾಸ್ಟಿಂಗ್ ಪಕ್ಕಕ್ಕೆ ಇಡುವುದು, ಇಷ್ಟೇ ಮಿಮೀ ಒಳಗಿನ ಆಫ್‌ಸೆಟ್ ತಿದ್ದುಪಡಿ, ಇವು ಮೊದಲ ಭಾಗಕ್ಕೆ. ಎರಡು ಸಾವಿರದೊಳಗಿನ ಖರೀದಿ, ಒಂದು ದಿನದ ಸೂಟಿ, ಶಿಫ್ಟ್ ಅದಲುಬದಲು ಎರಡನೆಯದಕ್ಕೆ. ಪ್ರೋಗ್ರಾಂ ಬದಲಾವಣೆ, ಗ್ರಾಹಕರಿಗೆ ತಾರೀಖು ಕೊಡುವುದು, ಡ್ರಾಯಿಂಗ್ ಬಿಟ್ಟು ಬೇರೆ ಏನೇ ಮಾಡುವುದು ಮೂರನೆಯದಕ್ಕೆ. ಅಂಕಿಗಳು ನಿಮ್ಮ ಶಾಪಿಗೆ ತಕ್ಕಂತೆ. ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿ, ಬಿಹಾರದ ಹುಡುಗರಿದ್ದರೆ ಹಿಂದಿಯಲ್ಲೂ. ಬೆಳಗಾವಿಯಲ್ಲಿ ಹೊರಗೆ ಭಾಷೆಯ ಜಗಳ ಏನೇ ಇರಲಿ, ಶಾಪ್ ಒಳಗೆ ಮಾತ್ರ ಎಲ್ಲರೂ ಮೂರೂ ಭಾಷೆ ಕಲಸಿ ಮಾತಾಡಿಕೊಂಡು ಆರಾಮಾಗಿರುತ್ತಾರೆ.

ಹಾಳೆ ಬರೆಯುವುದು ಅರ್ಧ ದಿನದ ಕೆಲಸ. ಕಷ್ಟದ ದಿನ ಆಮೇಲೆ ಬರುತ್ತದೆ. ಯಾರೋ ಒಬ್ಬ ಹಾಳೆಯ ಮೊದಲ ಭಾಗದಲ್ಲಿದ್ದ ತೀರ್ಮಾನವನ್ನೇ ತೆಗೆದುಕೊಂಡು, ಅದು ತಪ್ಪಾಗಿ, ನಾಲ್ಕು ಸಾವಿರದ ಮಾಲು ಹಾಳಾಗುತ್ತದೆ. ಆವತ್ತು ಎಲ್ಲರೂ ಕೆಲಸ ಮಾಡುವ ಹಾಗೆ ನಟಿಸುತ್ತಾ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ನೀವು "ಇನ್ನು ಮೇಲೆ ಎಲ್ಲ ನನ್ನನ್ನ ಕೇಳೇ ಮಾಡ್ರಿ" ಅಂದರೆ ಹಾಳೆ ಹರಿದ ಹಾಗೇ. ಹೇಗಾಯಿತು, ಏನು ನೋಡಬೇಕಿತ್ತು ಅಂತ ಅವನ ಜೊತೆ ನಿಂತು ಕೇಳಿ, ಅವನ ಅಧಿಕಾರ ಅವನಿಗೇ ಬಿಟ್ಟರೆ ಮರುದಿನದಿಂದ ಫೋನ್ ಕಡಿಮೆಯಾಗುತ್ತದೆ. ಮೆತ್ತಗಿನ ಸ್ವಭಾವದವರಿಗೆ ಇದು ಸುಲಭ. ಮಾವನವರಿಗೆ ಹೇಳಿ.

ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಮೊದಲ ಒಂದೆರಡು ತಿಂಗಳು ರಿಜೆಕ್ಷನ್ ಏರಬಹುದು. ಆದ್ದರಿಂದ ಅಗ್ಗದ ಕಾಸ್ಟಿಂಗ್‌ನ, ನೀವು ವರ್ಷಗಟ್ಟಲೆ ಮಾಡುತ್ತಿರುವ ಜಾಬ್‌ಗಳಲ್ಲಿ ಶುರು ಮಾಡಿ. ಹೊಸ ಜಾಬ್‌ನ ಮೊದಲ ಪೀಸ್ ಒಪ್ಪಿಗೆ ಇಲ್ಲದೆ ಮುಂದೆ ಹೋಗಬಾರದು, ಆ ನಿಯಮ ಹಾಗೇ ಇರಲಿ. ಮತ್ತೆ ಎಲ್ಲರಿಗೂ ಒಂದೇ ಅಳತೆಯ ಸ್ವಾತಂತ್ರ್ಯ ಕೊಡಬೇಡಿ. ಮಷಿನ್ ಹೊಂದಿಸುವ ಹತ್ತು ವರ್ಷದ ಸೆಟ್ಟರ್‌ಗೆ ಬಿಟ್ಟದ್ದನ್ನು ನಿನ್ನೆ ಬಂದ ಐಟಿಐ ಹುಡುಗನಿಗೆ ಬಿಟ್ಟರೆ ಅದು ಲೆವಿನ್ ಪ್ರಯೋಗದ ಮೂರನೇ ಗುಂಪು, ಕೈಬಿಟ್ಟದ್ದು.

ಅಂದಹಾಗೆ ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಜಿಲ್ಲೆಯ ಗುರ್ಲಹೊಸೂರಿನವರು, 1869ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು 1910ರಲ್ಲಿ ತಮ್ಮ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಕಟ್ಟಲು ಹೋದರು. ಅಲ್ಲಿ ರಾತ್ರಿ ಕಾವಲಿಗೆ ಅವರು ಇಟ್ಟುಕೊಂಡದ್ದು ಜೈಲು ಕಂಡುಬಂದ ಹಳೇ ಡಕಾಯಿತರನ್ನು. ನಿಮಗೆ ಅಷ್ಟು ದೊಡ್ಡ ಎದೆ ಬೇಕಿಲ್ಲ, ಇನ್ಸರ್ಟ್ ಬದಲಿಸಲು ಬಿಟ್ಟರೆ ಸಾಕು.

ಜೋರಾಗಲೇಬೇಕಾದ ಜಾಗಗಳೂ ಇವೆ. ಬಾಗಿಲು ತೆರೆದರೆ ಮಷಿನ್ ನಿಲ್ಲಿಸುವ ವಿಎಂಸಿ ಇಂಟರ್‌ಲಾಕ್ ಬೈಪಾಸ್ ಮಾಡಿ ಓಡಿಸುವುದು, ಅಳೆಯದೆ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಅಂಕಿ ತುಂಬುವುದು, ಕುಡಿದು ಬರುವುದು, ಜಾತಿ ಹಿಡಿದು ಮಾತಾಡುವುದು. ಇವುಗಳಲ್ಲಿ ಎರಡನೇ ಅವಕಾಶ ಇಲ್ಲ ಅಂತ ಮೊದಲೇ ಹೇಳಿ, ಮಾಡಿದವನು ನಿಮ್ಮ ಅತ್ಯುತ್ತಮ ಆಪರೇಟರ್ ಆದರೂ ಹಾಗೇ ನಡೆದುಕೊಳ್ಳಿ. ಇದಕ್ಕೆ ಕೂಗಾಡುವುದು ಬೇಕಿಲ್ಲ. ಮೆತ್ತಗೆ ಹೇಳಿದರೂ ಆಗುತ್ತದೆ, ಹೇಳಿದಂತೆ ಮಾಡಿದರೆ ಆಯಿತು.

ಕಾಕಾ. ನಿಮ್ಮ ಇಡೀ ಪತ್ರದಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ ಮನುಷ್ಯ ಇವರೇ. "ದೊಡ್ಡ ಮಾಲಕರನ್ನ ಕೇಳ್ರಿ" ಅನ್ನುವುದು ಉಡಾಫೆಯಂತೆ ನಿಮಗೆ ಕೇಳಿಸಿದೆ. ನನಗೆ ಅದರಲ್ಲಿ ಇನ್ನೊಂದು ಕೇಳಿಸುತ್ತದೆ. ಅಪ್ಪ ಇದ್ದಾಗ ಕಾಕಾಗೆ ಒಂದು ಜಾಗ ಇತ್ತು. ಸಂಜೆ ಚಹಾ ಕುಡಿಯುತ್ತಾ ಇಬ್ಬರೂ ಮರುದಿನದ ಲೋಡಿಂಗ್, ಅಂದರೆ ಯಾವ ಮಷಿನ್‌ಗೆ ಯಾವ ಜಾಬ್ ಅಂತ, ಮಾತಾಡಿಕೊಳ್ಳುತ್ತಿದ್ದರು ಅಂತ ಇಟ್ಟುಕೊಳ್ಳಿ. ನೀವು ಬಂದಿರಿ, ಪುಣೆಯಿಂದ ಎಕ್ಸೆಲ್ ಶೀಟ್ ತಂದಿರಿ, ಲೋಡಿಂಗ್ ಅದರಲ್ಲೇ ಬರತೊಡಗಿತು. ಯಾರೂ ಅವರಿಗೆ "ಇನ್ನು ನಿಮ್ಮ ಕೆಲಸ ಇದು" ಅಂತ ಹೇಳಲಿಲ್ಲ. ಜೊತೆಗೆ, ಆರೋಗ್ಯ ಸುಧಾರಿಸಿ ಅಪ್ಪ ಆಗಾಗ ಶಾಪಿಗೆ ಬಂದು ಕ್ಯಾಬಿನ್‌ನಲ್ಲಿ ಕೂರುತ್ತಾರೆಯೇ? ಕೂತಾಗ ಕೆಲಸಗಾರರು ನೇರ ಅವರ ಹತ್ತಿರ ಹೋಗಿ ಸೂಟಿ, ಅಡ್ವಾನ್ಸ್ ಕೇಳುತ್ತಾರೆಯೇ? ಅವರು ಹೂಂ ಅನ್ನುತ್ತಾರೆಯೇ? ಹಾಗಿದ್ದರೆ ತೊಡಕು ಕಾಕಾನಲ್ಲಿ ಇಲ್ಲ, ನಿಮ್ಮ ಮನೆಯಲ್ಲೇ ಇದೆ. ಮೊದಲು ಅಪ್ಪನ ಜೊತೆ ಕೂತು ಮಾತಾಡಿ. ಕೆಲಸಗಾರರು ಬಂದು ಕೇಳಿದರೆ "ಮಗನ್ನ ಕೇಳಪಾ" ಅಂತ ಅವರೇ ಹೇಳಬೇಕು, ತಮಗೆ ಉತ್ತರ ಗೊತ್ತಿದ್ದರೂ. ಖಂಡೇನವಮಿ ಪೂಜೆಗೆ ಎಲ್ಲರೂ ಸೇರಿದಾಗ ಅಪ್ಪ ನಾಲ್ಕು ಮಾತಾಡಿ ಜವಾಬ್ದಾರಿ ಒಪ್ಪಿಸಿದರೆ ಅದಕ್ಕೊಂದು ತೂಕ ಇರುತ್ತದೆ. ಹಬ್ಬ ದೂರ ಇದ್ದರೆ ಕಾಯಬೇಡಿ, ಪಗಾರದ ದಿನವೂ ಆದೀತು.

ಆಮೇಲೆ ಕಾಕಾನ ಜೊತೆ ಒಬ್ಬರೇ ಕೂರಿ, ಕ್ಯಾಬಿನ್ ಬೇಡ, ಹೊರಗೆ ಎಲ್ಲಾದರೂ. "ಕಾಕಾ, ನಿಮ್ಮ ಕೈಯಾಗಿನ ವಿದ್ಯಾ ನನಗ ಇಲ್ಲ, ಅದು ನನಗೂ ಗೊತ್ತೈತಿ. ಆದ್ರ ಹುಡುಗರಿಗೆ ಎರಡು ಕಡೆಯಿಂದ ಮಾತು ಬಂದ್ರ ಅವ್ರು ಯಾರ ಮಾತು ಕೇಳಬೇಕ್ರಿ? ನಿಮಗ ಏನ್ ಬೇಸರ ಆಗೇತಿ, ನನ್ನ ಮುಂದ ಹೇಳ್ರಿ." ಇಷ್ಟು ಹೇಳಿ ಸುಮ್ಮನಾಗಿ. ಬರುವ ಉತ್ತರ ಖಾರವಾಗಿರಬಹುದು, ನಡುವೆ ಬಾಯಿ ಹಾಕಬೇಡಿ. ಅವರಿಗೆ ಪೂರ್ತಿ ಅವರದೇ ಆದ ಒಂದು ಕ್ಷೇತ್ರ ಕೊಡಿ. ಹೊಸ ಜಾಬ್‌ನ ಮೊದಲ ಪೀಸ್ ಒಪ್ಪಿಗೆ, ಪೀಸ್ ಹಿಡಿದಿಡುವ ಫಿಕ್ಸ್‌ಚರ್, ಇಬ್ಬರು ಹುಡುಗರನ್ನು ಸೆಟ್ಟರ್ ಮಾಡುವುದು. ಅಲ್ಲಿ ನೀವೂ ಅವರ ಮಾತು ಮೀರಬೇಡಿ. ಒಂದು ದಿನಕ್ಕಿಂತ ಹೆಚ್ಚಿನ ಸೂಟಿ, ಅಡ್ವಾನ್ಸ್, ಲೋಡಿಂಗ್ ನಿಮ್ಮ ಕೈಯಲ್ಲಿರಲಿ.

ತೆಗೆದು ಹಾಕುವುದು? ಅದೂ ಒಂದು ದಾರಿಯೇ, ಬೆಲೆ ಗೊತ್ತಿರಲಿ. ಅಂಥವರು ಹೋದರೆ ಒಬ್ಬರೇ ಹೋಗುವುದು ಕಡಿಮೆ, ಜೊತೆಗೆ ಇಬ್ಬರಾದರೂ ಹೊರಡುತ್ತಾರೆ. ಹತ್ತು ಜನಕ್ಕಿಂತ ಜಾಸ್ತಿ ಇರುವ ನಿಮ್ಮ ಘಟಕಕ್ಕೆ ಗ್ರಾಚ್ಯುಟಿ (ಬಹಳ ವರ್ಷ ದುಡಿದವರು ಬಿಡುವಾಗ ಕೊಡುವ ದುಡ್ಡು) ಅನ್ವಯಿಸುತ್ತದೆ. ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 26,000 ಇದೆ ಅಂತ ಹಿಡಿದರೆ, ಅದರ 26ರಲ್ಲಿ 15 ಪಾಲು ಅಂದರೆ 15,000, ಅದನ್ನು 22 ವರ್ಷದಿಂದ ಗುಣಿಸಿದರೆ 3,30,000 ರೂಪಾಯಿ. ಅವರು ಇವತ್ತು ಹೋದರೂ ಐದು ವರ್ಷ ಬಿಟ್ಟು ನಿವೃತ್ತಿಯಾದರೂ ಕೊಡಲೇಬೇಕಾದ ದುಡ್ಡು ಇದು, ಈಗಿನಿಂದಲೇ ತೆಗೆದಿಡಿ. ಮೂರು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸಿ, ಅಪ್ಪನೂ ಹೇಳಿ, ಆಮೇಲೂ ಅವರು ಹುಡುಗರ ಎದುರು ನಿಮ್ಮ ಮಾತು ತೆಗೆದುಹಾಕುತ್ತಿದ್ದರೆ ಆಗ ಗೌರವದಿಂದ ಲೆಕ್ಕ ಮುಗಿಸಿ ಕಳಿಸಿ. ಸಿಟ್ಟಿನ ದಿನ ಮಾಡಬೇಡಿ. ಹೊರಗಿನಿಂದ ಸೂಪರ್‌ವೈಸರ್ ತಂದು ಕಾಕಾನ ತಲೆ ಮೇಲೆ ಕೂರಿಸುವುದು ಇನ್ನೊಂದು ದಾರಿ, ಬಹಳ ಜನ ಮಾಡುತ್ತಾರೆ. 16 ಜನರ ಶಾಪಿನಲ್ಲಿ ಅದು ಫಲಿಸಿದ್ದು ನಾನು ಕಂಡದ್ದು ಅಪರೂಪ.

ಬಿಟ್ಟು ಹೋದ ಇಬ್ಬರ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾಕೆ ಹೋದರು ಅಂತ ಅವರನ್ನೇ ಕೇಳಿದಿರಾ? ಈಗಲೂ ಫೋನ್ ಮಾಡಬಹುದು, ಹೋದವರು ನಿಜ ಹೇಳುತ್ತಾರೆ. ಒಳ್ಳೆ ಮುಂದಾಳು ಇದ್ದರೆ ಕಡಿಮೆ ಪಗಾರಕ್ಕೂ ಜನ ಇರುತ್ತಾರೆ ಅನ್ನುವ ಮಾತನ್ನು ನಂಬಬೇಡಿ, ಅದು ಮಾಲಕರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ. ನಾಲ್ಕು ಲೆಕ್ಕ ನೋಡಿ. ಪಗಾರ ಗೊತ್ತಾದ ತಾರೀಖಿಗೆ ಆಗುತ್ತಿದೆಯಾ? ಓವರ್‌ಟೈಮ್‌ಗೆ ಕಾನೂನಿನಂತೆ ಎರಡು ಪಟ್ಟು ಕೊಡುತ್ತಿದ್ದೀರಾ, ಇಲ್ಲಾ ಸಿಂಗಲ್ ಕೊಟ್ಟು ಚಹಾ ವಡಾಪಾವ್‌ನಲ್ಲಿ ತೀರಿಸುತ್ತಿದ್ದೀರಾ? 21,000ದವರೆಗೆ ಪಗಾರ ಇರುವವರಿಗೆ ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಕಟ್ಟುತ್ತಿದ್ದೀರಾ? ನಿಮ್ಮ ಪಾಲು 3.25%, ಅವರದು 0.75%. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದಾಗ ಅದರ ಬೆಲೆ ಗೊತ್ತಾಗುತ್ತದೆ. ನಾಲ್ಕನೆಯದು, ಕೆಲಸ ಕಲಿತವನಿಗೆ ಕೇಳದೆಯೇ ಪಗಾರ ಏರುತ್ತದಾ, ಇಲ್ಲಾ ಬಿಡುತ್ತೇನೆ ಅಂದಾಗ ಮಾತ್ರ ಏರುತ್ತದಾ?

ಪಗಾರ ತಡವಾಗುವುದು ಗ್ರಾಹಕರು ದುಡ್ಡು ತಡ ಮಾಡುವುದರಿಂದ ಅಂತ ನೀವು ಹೇಳಬಹುದು. ನಿಮ್ಮ ಅಳತೆಯ ಶಾಪು ಬಹುಶಃ ಸೂಕ್ಷ್ಮ ಉದ್ಯಮದ ಮಿತಿಯೊಳಗೇ ಬರುತ್ತದೆ, 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 10 ಕೋಟಿ ವಹಿವಾಟು, 2.5 ಕೋಟಿ ಹೂಡಿಕೆ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಇದ್ದರೆ, ಅವುಗಳಿಗಾಗಿಯೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಬರಹದ ಒಪ್ಪಂದ ಇದ್ದರೂ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಗ್ರಾಹಕರು ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದಾಯ ತೆರಿಗೆಯಲ್ಲೂ 2023-24ನೇ ಹಣಕಾಸು ವರ್ಷದಿಂದ, ಈ ಗಡುವು ಮೀರಿ ಬಾಕಿ ಇಟ್ಟ ಮೊತ್ತವನ್ನು ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚು ಅಂತ ತೋರಿಸಿಕೊಳ್ಳಬೇಕು, ಅದಕ್ಕೇ ಮಾರ್ಚ್ ಬಂದರೆ ಕಂಪನಿಗಳು ತಾವಾಗೇ ಫೋನ್ ಮಾಡುತ್ತವೆ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ದೂರು ಕೊಟ್ಟ ಗ್ರಾಹಕ ಮತ್ತೆ ಆರ್ಡರ್ ಕೊಡುವುದು ಕಷ್ಟ. ಆದರೆ ಹೋಗಿ ಎದುರು ಕೂತು ಕೇಳಿ. ನಿಮ್ಮ ಸಂಕೋಚ ನಿಜಕ್ಕೂ ದುಬಾರಿಯಾಗುವುದು ಅಲ್ಲಿ, ಶಾಪಿನೊಳಗೆ ಅಲ್ಲ. ದುಡ್ಡು ಬರದೆ ಪಗಾರ ಎರಡು ದಿನ ತಡವಾಗುವುದಾದರೆ, ತಾರೀಖಿಗೆ ಮೊದಲೇ ಎಲ್ಲರನ್ನೂ ಕರೆದು ಕಾರಣ ಮತ್ತು ಹೊಸ ತಾರೀಖು ಹೇಳಿಬಿಡಿ, ಮತ್ತೆ ಆ ತಾರೀಖು ತಪ್ಪಿಸಬೇಡಿ.

ಎಲ್ಲ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಒಂದು ನೋಟ್‌ಬುಕ್ ಇಟ್ಟು ಬಂದ ಪ್ರತಿ ಫೋನ್ ಬರೆದುಕೊಳ್ಳಿ, ಯಾರು, ಯಾತಕ್ಕೆ. ಹದಿನೈದು ದಿನಕ್ಕೆ ನಿಮ್ಮ ಹಾಳೆ ಅದರಿಂದಲೇ ತಯಾರಾಗುತ್ತದೆ. ಅಷ್ಟರಲ್ಲಿ ಅಪ್ಪನ ಜೊತೆ ಮಾತು ಮುಗಿಸಿ, ಆಮೇಲೆ ಕಾಕಾ, ಆಮೇಲೆ ಹಾಳೆ ಗೋಡೆಗೆ. ಈ ಕ್ರಮ ತಪ್ಪಿಸಬೇಡಿ, ಕಾಕಾಗೆ ತಿಳಿಸದೆ ಹಾಳೆ ಅಂಟಿಸಿದರೆ ಸಂಜೆಯೊಳಗೆ ಅದು ಕೆಳಗೆ ಬಿದ್ದಿರುತ್ತದೆ. ಮೂರು ತಿಂಗಳ ಮೇಲೂ ನೋಟ್‌ಬುಕ್ಕಿನಲ್ಲಿ ಫೋನುಗಳು ಅಷ್ಟೇ ಇದ್ದರೆ ಆ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ.